ಪೆಟ್ರೋಲ್ ನೋಡಿ ಕಂಪ್ರೆಷನ್ ಇಡಿ: ಕರಾವಳಿಯಲ್ಲಿ ಎಂಜಿನ್ ಕಟ್ಟುವವರಿಗೆ

ಎಂಜಿನ್ ಬಿಚ್ಚಿ ಪವರ್ ಜಾಸ್ತಿ ಮಾಡಿಸಲು ಹೊರಟವರು ಮೊದಲು ಮಾತಾಡುವುದು ಪಿಸ್ಟನ್, ಕ್ಯಾಮ್, ಎಕ್ಸಾಸ್ಟ್ ಬಗ್ಗೆ. ಯಾವ ಪೆಟ್ರೋಲ್ ಹಾಕುತ್ತೀರಿ ಎಂಬ ಪ್ರಶ್ನೆ ಎಲ್ಲ ಮುಗಿದ ಮೇಲೆ ಬರುತ್ತದೆ. ಆಗ ತಡವಾಗಿರುತ್ತದೆ. ಹೆಡ್‌ನಿಂದ (ಸಿಲಿಂಡರಿನ ಮೇಲಿನ ಮುಚ್ಚಳದಿಂದ) ಒಮ್ಮೆ ಕೆತ್ತಿ ತೆಗೆದ ಅಲ್ಯೂಮಿನಿಯಂ ವಾಪಸ್ ಬರುವುದಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಕೆಲಸವನ್ನು ಆ ತುದಿಯಿಂದ ಶುರು ಮಾಡೋಣ. ಮೊದಲು ಪೆಟ್ರೋಲ್, ಆಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ. ಅದೂ ಮಂಗಳೂರು, ಉಡುಪಿಯ ಲೆಕ್ಕದಲ್ಲಿ. ಬೆಂಗಳೂರಿನಲ್ಲಿ ಚೆನ್ನಾಗಿ ಓಡಿದ ಎಂಜಿನ್ ಇಲ್ಲಿ ಸಮುದ್ರ ಮಟ್ಟಕ್ಕೆ ಇಳಿದು ಬಂದಾಗ ಕಟಕಟ ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಅದನ್ನೂ ನೋಡೋಣ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪೆನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ರಸ್ತೆ ವಾಹನಕ್ಕೆ ಮಾಡಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ ಬರಬಹುದು. ಇಲ್ಲಿ ಹೇಳುವುದು ಟ್ರ್ಯಾಕ್, ಆಟೋಕ್ರಾಸ್, ರ‍್ಯಾಲಿಗೆ ಕಟ್ಟುವ ಎಂಜಿನ್‌ಗಳ ಬಗ್ಗೆ.

ನಾಕಿಂಗ್ ಅಂದರೆ ಏನು

ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಚೇಂಬರಿನ (ಪಿಸ್ಟನ್ ಮೇಲೆ ಮಿಶ್ರಣ ಉರಿಯುವ ಜಾಗ) ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ. ಎಷ್ಟೇ ವೇಗ ಇದ್ದರೂ ಅದಕ್ಕೆ ಸ್ವಲ್ಪ ಸಮಯ ಬೇಕು. ಅಷ್ಟರಲ್ಲಿ ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಕಾಯುತ್ತಾ ಹೋಗುತ್ತದೆ. ಮಿತಿ ಮೀರಿದರೆ, ಬೆಂಕಿ ಅಲ್ಲಿಗೆ ತಲುಪುವ ಮೊದಲೇ ಆ ಮಿಶ್ರಣ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಅದರ ಒತ್ತಡದ ಅಲೆ ಸಿಲಿಂಡರಿನ ಗೋಡೆಗೆ ಬಡಿಯುವ ಶಬ್ದವೇ ನಮಗೆ ಕೇಳುವ ಕಟಕಟ. ಸುಮ್ಮನೆ ಬಿಟ್ಟರೆ ಪಿಸ್ಟನ್ ರಿಂಗಿನ ಮೇಲಿನ ಅಂಚು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕೊನೆಗೆ ಪಿಸ್ಟನ್ ತಲೆ ತೂತಾಗುತ್ತದೆ.

ಆಕ್ಟೇನ್ ಅಂದರೆ ಪೆಟ್ರೋಲ್ ಈ ತಾನಾಗಿ ಹೊತ್ತುವುದನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, ಅಷ್ಟೇ. ಅದು ಶಕ್ತಿಯ ಅಳತೆ ಅಲ್ಲ. ಹಳೆಯ ಕಾರ್ಬ್ಯುರೇಟರ್ ಬೈಕಿಗೆ 100 ಆಕ್ಟೇನ್ ಹಾಕಿದರೆ ಪವರ್ ಜಾಸ್ತಿ ಆಗುವುದಿಲ್ಲ. ಕಂಪ್ರೆಷನ್ ಏರಿಸಿದಾಗ, ಅಥವಾ ಇಗ್ನಿಷನ್ ಟೈಮಿಂಗ್ ಮುಂದೆ ತಂದಾಗ (ಕಿಡಿ ಇನ್ನೂ ಬೇಗ ಕೊಟ್ಟಾಗ) ಮಾತ್ರ ಆ ಪೆಟ್ರೋಲಿನಿಂದ ಪ್ರಯೋಜನ.

ಕಂಪ್ರೆಷನ್ ಏರಿಸಿದರೆ ಎಷ್ಟು ಸಿಗುತ್ತದೆ? ಥಿಯರಿ ಲೆಕ್ಕದಲ್ಲಿ 9ರಿಂದ 10ಕ್ಕೆ ಹೋದರೆ ದಕ್ಷತೆ ಸುಮಾರು ಶೇ 3ರಷ್ಟು ಏರುತ್ತದೆ. ನೂರು ಹಾರ್ಸ್‌ಪವರಿಗೆ ಮೂರು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೊನೆಯ ಅರ್ಧ ಪಾಯಿಂಟಿನಿಂದ ಸಿಗುವುದು ಒಂದೂವರೆ ಹಾರ್ಸ್‌ಪವರ್. ಅದಕ್ಕಾಗಿ ಪಿಸ್ಟನ್ ಪಣಕ್ಕೆ ಇಡುವುದು ನನಗಂತೂ ಸರಿ ಕಾಣುವುದಿಲ್ಲ.

ಹಂತ 1: ವರ್ಷಪೂರ್ತಿ ಸಿಗುವ ಪೆಟ್ರೋಲ್ ಯಾವುದು?

ಆಕ್ಟೇನ್ ಅಳೆಯಲು ಆರ್‌ಒಎನ್, ಎಂಒಎನ್ ಎಂಬ ಎರಡು ಪರೀಕ್ಷೆ ಇವೆ. ನಮ್ಮ ಬಂಕಿನಲ್ಲಿ ಬರೆದಿರುವ ಸಂಖ್ಯೆ ಆರ್‌ಒಎನ್ ಲೆಕ್ಕದ್ದು. ಬಿಎಸ್-6 ನಿಯಮದಲ್ಲಿ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91, ಪ್ರೀಮಿಯಂಗೆ 95. ಶೇ 20 ಎಥನಾಲ್ ಬೆರೆತ ಇ20 ಬಂದ ಮೇಲೆ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 95ರ ಹತ್ತಿರಕ್ಕೆ ಬಂದಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿದೆ. ಎಥನಾಲಿನ ಆರ್‌ಒಎನ್ 108ರ ಆಸುಪಾಸು ಇರುವುದರಿಂದ ಇದು ಸಹಜ. ಇದರ ಮೇಲೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಥರದ 100 ಆಕ್ಟೇನ್ ಪೆಟ್ರೋಲ್ ಇದೆ. ಅದು 2020ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಆದರೆ ಎಲ್ಲ ಬಂಕಿನಲ್ಲಿ ಸಿಗುವುದಿಲ್ಲ, ಬೆಲೆಯೂ ತುಂಬಾ ಜಾಸ್ತಿ.

ಇಲ್ಲಿ ಅನೇಕರು ಜಾರುವ ಜಾಗ ಒಂದಿದೆ. ಅಮೆರಿಕದ ವೀಡಿಯೊ ನೋಡಿ "91 ಆಕ್ಟೇನಿಗೆ 10.5 ಕಂಪ್ರೆಷನ್ ಆರಾಮ" ಎಂದು ನಂಬುತ್ತಾರೆ. ಅಲ್ಲಿ ಪಂಪಿನ ಮೇಲೆ ಬರೆಯುವುದು ಆರ್‌ಒಎನ್ ಮತ್ತು ಎಂಒಎನ್ ಎರಡರ ಸರಾಸರಿ. ಎಂಒಎನ್ ಪರೀಕ್ಷೆ ಜಾಸ್ತಿ ಬಿಸಿಯಲ್ಲಿ, ಜಾಸ್ತಿ ಆರ್‌ಪಿಎಂನಲ್ಲಿ ನಡೆಯುತ್ತದೆ. ಹಾಗಾಗಿ ಅದರ ಸಂಖ್ಯೆ ಯಾವಾಗಲೂ ಕಡಿಮೆ. ಅವರ 91 ಅಂದರೆ ನಮ್ಮ 95-96. ಅವರ 87 ಅಂದರೆ ನಮ್ಮ 91-92. ಈ ನಾಲ್ಕೈದು ಅಂಕ ಮರೆತರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ನನ್ನ ಸಲಹೆ ಇದು. ಟ್ರ್ಯಾಕಿಗೆ ಮಾತ್ರ ಹೋಗುವ ಗಾಡಿ, ಪೆಟ್ರೋಲನ್ನು ನೀವೇ ಕ್ಯಾನಿನಲ್ಲಿ ಒಯ್ಯುತ್ತೀರಿ ಎಂದಾದರೆ 100ಕ್ಕೆ ಕಟ್ಟಿ. ರ‍್ಯಾಲಿ, ಆಟೋಕ್ರಾಸ್ ಅಂತ ಊರೂರು ಸುತ್ತುವುದಾದರೆ 95ಕ್ಕೆ ಕಟ್ಟಿ, 91 ಬಿದ್ದರೂ ಸಾಯದ ಹಾಗೆ ಟೈಮಿಂಗ್ ಇಡಿ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ದಾಟಿದ ಮೇಲೆ ಪ್ರೀಮಿಯಂ ಸಿಗಲೇಬೇಕು ಎಂದು ಕೂತರೆ ಆಗುವುದಿಲ್ಲ.

ಹಂತ 2: ನಮ್ಮ ಗಾಳಿಯ ಲೆಕ್ಕ

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಗಿಂತ ಸುಮಾರು ಶೇ 10 ಕಡಿಮೆ. ಅಂದರೆ ಪಿಸ್ಟನ್ ಕೆಳಗೆ ಹೋಗುವಾಗ ಒಳಗೆ ಬರುವ ಗಾಳಿಯೂ ಅಷ್ಟು ಕಡಿಮೆ. ಒತ್ತಿದಾಗ ಕೊನೆಗೆ ಏಳುವ ಒತ್ತಡವೂ ಕಡಿಮೆ. ಅದೇ ಎಂಜಿನ್ ಶಿರಾಡಿ ಘಾಟಿ ಇಳಿದು ಮಂಗಳೂರಿನ ಪಂಪ್‌ವೆಲ್‌ಗೆ ಬಂದರೆ ಪೂರ್ತಿ ಗಾಳಿ ತುಂಬಿಕೊಳ್ಳುತ್ತದೆ. ಪವರ್ ಜಾಸ್ತಿ, ನಾಕಿಂಗ್ ಅಪಾಯವೂ ಜಾಸ್ತಿ. ಬೆಂಗಳೂರಿನ ಟ್ಯೂನರ್ ಅಲ್ಲಿ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಇಟ್ಟು ಕೊಟ್ಟ ಟೈಮಿಂಗ್ ಇಲ್ಲಿ ಹಾಗೆಯೇ ನಡೆಯುತ್ತದೆ ಎಂದುಕೊಳ್ಳಬೇಡಿ.

ಸೆಖೆಯೂ ಇದೆ. ಏಪ್ರಿಲ್-ಮೇ ಮಧ್ಯಾಹ್ನ ಹೊರಗೆ 34-35 ಡಿಗ್ರಿ ಇರುವಾಗ, ಬಾನೆಟ್ ಒಳಗಿಂದ ಗಾಳಿ ಎಳೆಯುವ ಎಂಜಿನ್‌ಗೆ ಸಿಗುವುದು ಅದಕ್ಕಿಂತ ಎಷ್ಟೋ ಬಿಸಿ ಗಾಳಿ. ಕರಾವಳಿಯ ತೇವ ಮಾತ್ರ ಸ್ವಲ್ಪ ನಮ್ಮ ಪರ. ಗಾಳಿಯಲ್ಲಿ ನೀರಿನ ಆವಿ ಜಾಸ್ತಿ ಇದ್ದರೆ ನಾಕಿಂಗ್ ಸ್ವಲ್ಪ ತಗ್ಗುತ್ತದೆ. ಆದರೆ ಅದನ್ನು ನಂಬಿ ಕಂಪ್ರೆಷನ್ ಏರಿಸುವ ಹಾಗಿಲ್ಲ. ಫಿಲ್ಟರಿಗೆ ಹೊರಗಿನ ಗಾಳಿ ಬರುವ ಪೈಪ್ ಹಾಕಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಬೇರೆ ಯಾವುದರಿಂದಲೂ ಬರುವುದಿಲ್ಲ.

ಹಂತ 3: ಅಳೆಯಿರಿ, ಊಹಿಸಬೇಡಿ

ಮ್ಯಾನ್ಯುವಲ್‌ನಲ್ಲಿ 9.0 ಎಂದು ಬರೆದಿದ್ದರೆ ನಿಮ್ಮ ಎಂಜಿನ್ 9.0 ಇರಬೇಕೆಂದಿಲ್ಲ. ಹಿಂದೆ ಯಾರೋ ಹೆಡ್ ಕೆತ್ತಿಸಿರಬಹುದು, ಬೇರೆ ಕಂಪೆನಿ ಗ್ಯಾಸ್ಕೆಟ್ ಹಾಕಿರಬಹುದು, ಬೋರ್ ಮಾಡಿಸಿರಬಹುದು.

ಅಳೆಯಲು ಬೇಕಾದ್ದು ಕಡಿಮೆ. 50 ಸಿಸಿಯ ಒಂದು ಬ್ಯುರೆಟ್, ಸಿಗದಿದ್ದರೆ ದೊಡ್ಡ ಸಿರಿಂಜ್. ನಡುವೆ ಸಣ್ಣ ತೂತು ಇರುವ ಅಕ್ರಿಲಿಕ್ ಶೀಟ್. ಸ್ವಲ್ಪ ಗ್ರೀಸ್, ಸೀಮೆಎಣ್ಣೆ ಅಥವಾ ತೆಳು ಎಣ್ಣೆ. ವರ್ನಿಯರ್, ಡಯಲ್ ಗೇಜ್.

ಹೆಡ್ಡನ್ನು ಮಗುಚಿ ಮಟ್ಟಸವಾಗಿ ಇಡಿ. ವಾಲ್ವ್‌ಗಳು ಕೂತಿರಲಿ, ನೀವು ಬಳಸುವ ಪ್ಲಗ್ಗನ್ನೇ ಬಿಗಿದಿರಲಿ. ಚೇಂಬರಿನ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ ಶೀಟ್ ಕೂರಿಸಿ. ತೂತಿನಿಂದ ಎಣ್ಣೆ ಬಿಡಿ. ಒಂದು ಗುಳ್ಳೆಯೂ ಉಳಿಯದೆ ತುಂಬಿದಾಗ ಎಷ್ಟು ಸಿಸಿ ಹೋಯಿತು ಎಂದು ಬರೆದುಕೊಳ್ಳಿ. ಎಲ್ಲ ಸಿಲಿಂಡರಿಗೂ ಮಾಡಿ. ಒಂದಕ್ಕೊಂದು ಅರ್ಧ ಸಿಸಿಗಿಂತ ವ್ಯತ್ಯಾಸ ಇದ್ದರೆ ಚಿಕ್ಕ ಚೇಂಬರನ್ನು ಸ್ವಲ್ಪ ತೀಡಿ ಸಮ ಮಾಡಿ. ನಾಲ್ಕರಲ್ಲಿ ಒಂದು ಸಿಲಿಂಡರ್ ಮಾತ್ರ ನಾಕ್ ಹೊಡೆದರೂ ಇಡೀ ಎಂಜಿನಿನ ಟೈಮಿಂಗ್ ಹಿಂದೆ ತರಬೇಕಾಗುತ್ತದೆ, ಅಲ್ವಾ?

ಪಿಸ್ಟನ್ ತಲೆಯಲ್ಲಿ ಗುಳಿ ಇದ್ದರೆ ಅದನ್ನೂ ಇದೇ ರೀತಿ ಅಳೆಯಿರಿ. ಉಬ್ಬು ಇದ್ದರೆ ಪಿಸ್ಟನ್ನನ್ನು ಸರಿಯಾಗಿ 10 ಮಿ.ಮೀ. ಕೆಳಗೆ ಇಳಿಸಿ, ಮೇಲಿನ ಜಾಗಕ್ಕೆ ಎಷ್ಟು ಎಣ್ಣೆ ಹಿಡಿಯಿತು ನೋಡಿ, ಲೆಕ್ಕದ ಸಂಖ್ಯೆಯಿಂದ ಅದನ್ನು ಕಳೆಯಿರಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಕೆಳಗಿದೆ ಎಂದು ಡಯಲ್ ಗೇಜ್ ಹೇಳುತ್ತದೆ. ಗ್ಯಾಸ್ಕೆಟ್ಟಿನ ದಪ್ಪ ಮಾತ್ರ ಬಿಗಿದು ಬಿಚ್ಚಿದ ಗ್ಯಾಸ್ಕೆಟ್ಟಿನದೇ ಬೇಕು. ಹೊಸದು ದಪ್ಪ ಇರುತ್ತದೆ, ಬಿಗಿದಾಗ ತೆಳುವಾಗುತ್ತದೆ.

ಹಂತ 4: ಲೆಕ್ಕ ಹಾಕಿ

ಸಿಲಿಂಡರಿನ ಸಿಸಿ = 0.7854 × ಬೋರ್ × ಬೋರ್ × ಸ್ಟ್ರೋಕ್, ಎಲ್ಲವೂ ಸೆಂಟಿಮೀಟರಿನಲ್ಲಿ. ಬೋರ್ ಅಂದರೆ ಸಿಲಿಂಡರಿನ ಅಗಲ, ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲಿನಿಂದ ಕೆಳಗೆ ಓಡುವ ದೂರ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಒಟ್ಟು ಜಾಗಕ್ಕೆ ಇಲ್ಲಿ 'ಉಳಿದ ಜಾಗ' ಎನ್ನೋಣ. ಸಿಲಿಂಡರಿನ ಸಿಸಿಗೆ ಉಳಿದ ಜಾಗ ಕೂಡಿಸಿ, ಬಂದದ್ದನ್ನು ಉಳಿದ ಜಾಗದಿಂದ ಭಾಗಿಸಿದರೆ ಕಂಪ್ರೆಷನ್ ರೇಷಿಯೊ.

ಎಸ್ಟೀಮ್, ಜಿಪ್ಸಿಯಲ್ಲಿ ಇದ್ದ ಮಾರುತಿಯ 1298 ಸಿಸಿ ಎಂಜಿನ್ ತೆಗೆದುಕೊಳ್ಳೋಣ. ರ‍್ಯಾಲಿ ಹುಡುಗರಿಗೆ ಗೊತ್ತಿರುವ ಎಂಜಿನ್. ಬೋರ್ 74, ಸ್ಟ್ರೋಕ್ 75.5 ಮಿ.ಮೀ. ಒಂದು ಸಿಲಿಂಡರಿಗೆ 324.7 ಸಿಸಿ ಬರುತ್ತದೆ. ಇನ್ನು ಮುಂದಿನ ಅಳತೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮ ಹೆಡ್ಡಿನಲ್ಲಿ ಬಂದ ಸಂಖ್ಯೆಯನ್ನೇ ನೀವು ಹಾಕಬೇಕು.

ಚೇಂಬರ್ 30 ಸಿಸಿ. ಗ್ಯಾಸ್ಕೆಟ್ 1.2 ಮಿ.ಮೀ. ದಪ್ಪ, ಅದರ ತೂತು 75 ಮಿ.ಮೀ., ಅಂದರೆ 5.3 ಸಿಸಿ. ಪಿಸ್ಟನ್ 0.4 ಮಿ.ಮೀ. ಕೆಳಗೆ, ಅದು 1.7 ಸಿಸಿ. ಪಿಸ್ಟನ್ ಗುಳಿ 3.5 ಸಿಸಿ. ಒಟ್ಟು ಉಳಿದ ಜಾಗ 40.5 ಸಿಸಿ. ರೇಷಿಯೊ 9.0.

ಉಲ್ಟಾ ಲೆಕ್ಕ ಇನ್ನೂ ಉಪಯೋಗದ್ದು. ಬೇಕಾದ ರೇಷಿಯೊದಿಂದ 1 ಕಳೆಯಿರಿ, ಅದರಿಂದ ಸಿಲಿಂಡರಿನ ಸಿಸಿಯನ್ನು ಭಾಗಿಸಿ. ಬರುವುದೇ ಉಳಿಯಬೇಕಾದ ಜಾಗ. 10 ಬೇಕಾದರೆ 324.7 ÷ 9 = 36.1 ಸಿಸಿ. ಅಂದರೆ ಪ್ರತಿ ಸಿಲಿಂಡರಿನಲ್ಲೂ 4.4 ಸಿಸಿ ತೆಗೆಯಬೇಕು.

ಬೋರ್ ಮಾಡಿಸುವವರು ಗಮನಿಸಿ. ಇದೇ ಎಂಜಿನಿಗೆ ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ, ಬೇರೇನೂ ಮುಟ್ಟದಿದ್ದರೂ, ರೇಷಿಯೊ 9.0ರಿಂದ 9.1 ದಾಟುತ್ತದೆ.

ಹಂತ 5: ಕ್ಯಾಮ್ ಸೇರಿಸಿ ನೋಡಿ

ಮೇಲಿನ ಸಂಖ್ಯೆ ಪೂರ್ತಿ ಸತ್ಯ ಹೇಳುವುದಿಲ್ಲ. ವಾಲ್ವ್ ಯಾವಾಗ ತೆರೆದು ಯಾವಾಗ ಮುಚ್ಚಬೇಕು ಎಂದು ನಿರ್ಧರಿಸುವುದು ಕ್ಯಾಮ್. ಪಿಸ್ಟನ್ ಕೆಳಗಿನಿಂದ ಮೇಲೆ ಹೊರಟಾಗ ಇನ್‌ಟೇಕ್ ವಾಲ್ವ್ ಇನ್ನೂ ತೆರೆದಿರುತ್ತದೆ. ಅದು ಮುಚ್ಚಿದ ಮೇಲೆಯೇ ನಿಜವಾದ ಒತ್ತುವ ಕೆಲಸ ಶುರು. ಅಲ್ಲಿಂದ ಲೆಕ್ಕ ಹಾಕಿದರೆ ಸಿಗುವುದು ಡೈನಾಮಿಕ್ ಕಂಪ್ರೆಷನ್. ಪೆಟ್ರೋಲಿಗೆ ಗೊತ್ತಾಗುವುದು ಇದು.

ಮೇಲಿನ ಎಂಜಿನ್ನಿಗೆ ಕನೆಕ್ಟಿಂಗ್ ರಾಡ್ 120 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಇನ್‌ಟೇಕ್ ವಾಲ್ವ್ ಪಿಸ್ಟನ್ ಕೆಳಗೆ ಮುಟ್ಟಿ 50 ಡಿಗ್ರಿ ಕಳೆದ ಮೇಲೆ ಮುಚ್ಚುವ ಕ್ಯಾಮ್ ಆದರೆ, 75.5 ಮಿ.ಮೀ. ಸ್ಟ್ರೋಕಿನಲ್ಲಿ ಒತ್ತಲು ಉಳಿಯುವುದು 65.5 ಮಿ.ಮೀ. ಡೈನಾಮಿಕ್ ರೇಷಿಯೊ ಸುಮಾರು 8.0. ಅದನ್ನು ತೆಗೆದು 70 ಡಿಗ್ರಿಗೆ ಮುಚ್ಚುವ ರೇಸ್ ಕ್ಯಾಮ್ ಹಾಕಿದರೆ ಉಳಿಯುವುದು 56 ಮಿ.ಮೀ. ಮಾತ್ರ. ಡೈನಾಮಿಕ್ 7ಕ್ಕಿಂತ ಕೆಳಗೆ ಬೀಳುತ್ತದೆ.

ರೇಸ್ ಕ್ಯಾಮ್ ಹಾಕಿದ ಮೇಲೆ "ಕೆಳಗೆ ಎಳೆತವೇ ಇಲ್ಲ" ಎಂದು ದೂರು ಬರುವುದು ಇದಕ್ಕೇ. ಕ್ಯಾಮ್ ಕೆಟ್ಟದ್ದಲ್ಲ. ಅದಕ್ಕೆ ತಕ್ಕ ಕಂಪ್ರೆಷನ್ ಕೊಟ್ಟಿಲ್ಲ. ದೊಡ್ಡ ಕ್ಯಾಮ್ ಇದ್ದರೆ ಹಂತ 4ರ ಲೆಕ್ಕದ ರೇಷಿಯೊ ಜಾಸ್ತಿ ಇಡಬಹುದು, ಇಡಲೇಬೇಕು. ಕಂಪೆನಿ ಕೊಟ್ಟ ಸ್ಟಾಕ್ ಕ್ಯಾಮ್ ಇಟ್ಟುಕೊಂಡು ರೇಷಿಯೊ ಮಾತ್ರ ಏರಿಸುವುದು ಅಪಾಯದ ಕೆಲಸ. ಆದರೆ ಒಂದು ಎಚ್ಚರ ಬೇಕು: ಮೇಲಿನ ಆರ್‌ಪಿಎಂನಲ್ಲಿ ಗಾಳಿಯ ವೇಗದಿಂದ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ, ಈ ಲೆಕ್ಕಕ್ಕಿಂತ ಜಾಸ್ತಿಯೇ ಒತ್ತಡ ಏಳುತ್ತದೆ. ಹಾಗಾಗಿ ಡೈನಾಮಿಕ್ ಸಂಖ್ಯೆ ಹೋಲಿಸಲು ಒಳ್ಳೆಯದು, ಅದೇ ಅಂತಿಮ ತೀರ್ಪಲ್ಲ.

ಹಂತ 6: ಎಷ್ಟಕ್ಕೆ ನಿಲ್ಲಿಸುವುದು

ಟರ್ಬೊ ಇಲ್ಲದ ಎಂಜಿನ್‌ಗಳಿಗೆ, ನಮ್ಮ ಕರಾವಳಿಯ ಮಟ್ಟಕ್ಕೆ, ನಾನು ಒಪ್ಪುವ ಮಿತಿಗಳು ಹೀಗಿವೆ.

ಗಾಳಿಯಿಂದ ತಣಿಯುವ, ಎರಡು ವಾಲ್ವಿನ, ಕಾರ್ಬ್ಯುರೇಟರ್ ಬೈಕ್: 91ಕ್ಕೆ 9.0ರಿಂದ 9.5, 95ಕ್ಕೆ 10, 100ಕ್ಕೆ 10.5ರಿಂದ 11.

ನೀರಿನಿಂದ ತಣಿಯುವ, ಎರಡು ವಾಲ್ವಿನ ಹಳೆ ಕಾರು: 91ಕ್ಕೆ 9.5, 95ಕ್ಕೆ 10ರಿಂದ 10.5, 100ಕ್ಕೆ 11.

ನೀರಿನಿಂದ ತಣಿಯುವ, ನಾಲ್ಕು ವಾಲ್ವಿನ, ನಡುವೆ ಪ್ಲಗ್ ಇರುವ, ಇಂಜೆಕ್ಷನ್ ಎಂಜಿನ್: 91ಕ್ಕೆ 10.5ರಿಂದ 11, 95ಕ್ಕೆ 11.5ರಿಂದ 12, 100ಕ್ಕೆ 12.5ರಿಂದ 13.

ಡೈನಾಮಿಕ್ ಲೆಕ್ಕದಲ್ಲಿ ಹಳೆ ಕಾರಿನ ಎಂಜಿನ್‌ಗಳನ್ನು 91ಕ್ಕೆ 8, 95ಕ್ಕೆ 8.5ರ ಒಳಗೆ ಇಡುವುದು ಒಳ್ಳೆಯದು.

ಒಂದೇ ಪೆಟ್ರೋಲಿಗೆ ಎಂಜಿನಿಂದ ಎಂಜಿನಿಗೆ ಎರಡು ಪಾಯಿಂಟ್ ವ್ಯತ್ಯಾಸ ಹೇಗೆ? ಕೆಟಿಎಂ 390 ಕಂಪೆನಿಯಿಂದಲೇ 12ರ ಮೇಲಿನ ಕಂಪ್ರೆಷನ್ನಿನಲ್ಲಿ ಬಂದು ಬಂಕಿನ ಪೆಟ್ರೋಲಿನಲ್ಲಿ ಓಡುತ್ತದೆ. ನಾಲ್ಕು ವಾಲ್ವು, ನಡುವಿನ ಪ್ಲಗ್, ರೇಡಿಯೇಟರ್, ನಿಖರ ಇಂಜೆಕ್ಷನ್ ಎಲ್ಲ ಸೇರಿ ಅದನ್ನು ಕಾಯುತ್ತವೆ. ರಾಯಲ್ ಎನ್‌ಫೀಲ್ಡ್ 350ರಲ್ಲೇ ನೋಡಿ. ಹಳೆ ಯುಸಿಇ ಎಂಜಿನ್ 8.5, ಈಗಿನ ಜೆ-ಸೀರೀಸ್ 9.5. ಎರಡಕ್ಕೂ ಎರಡೇ ವಾಲ್ವು. ಆದ್ದರಿಂದ "ಅವನ ಗಾಡಿಯಲ್ಲಿ 12 ಇದೆ, ನನ್ನದಕ್ಕೂ ಇಡಿ" ಎಂಬ ಮಾತಿಗೆ ಅರ್ಥವಿಲ್ಲ.

ಮಣಿಪಾಲದ ಫಾರ್ಮುಲಾ ಸ್ಟೂಡೆಂಟ್ (ಕಾಲೇಜು ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಸ್ಪರ್ಧೆ) ಹುಡುಗರದು ಬೇರೆಯೇ ಲೆಕ್ಕ. ಅವರ ಸ್ಪರ್ಧೆಯ ನಿಯಮದಲ್ಲಿ ಪೆಟ್ರೋಲ್ ಎಂಜಿನಿಗೆ ಗಾಳಿ 20 ಮಿ.ಮೀ. ತೂತಿನ ಮೂಲಕವೇ ಬರಬೇಕು. ಮೇಲಿನ ಆರ್‌ಪಿಎಂನಲ್ಲಿ ಸಿಲಿಂಡರ್ ಪೂರ್ತಿ ತುಂಬುವುದೇ ಇಲ್ಲ. ಅಂಥಲ್ಲಿ ಕಂಪ್ರೆಷನ್ ಏರಿಸಲು ಜಾಗ ಇರುತ್ತದೆ. ಟರ್ಬೊ ಇದ್ದರೆ ಉಲ್ಟಾ. ಗಾಳಿಯನ್ನು ಮೊದಲೇ ಒತ್ತಿ ಕಳಿಸುವುದರಿಂದ 8.5ರಿಂದ 9.5ರ ನಡುವೆ ಇರಿ. ಅದು ಇನ್ನೊಂದೇ ಲೇಖನದ ವಿಷಯ.

ಹಂತ 7: ಏರಿಸುವುದು ಹೇಗೆ? ಇಲ್ಲಿ ಆತುರ ಬೇಡ

ಈ ಇಡೀ ಕೆಲಸದಲ್ಲಿ ಜಾಸ್ತಿ ಗಮನ ಬೇಕಾದ ಜಾಗ ಇದು. ಒಂದೇ ರೇಷಿಯೊಗೆ ಎರಡು ದಾರಿ ಇವೆ. ಒಂದು ನಾಕಿಂಗ್ ತಡೆಯುತ್ತದೆ, ಇನ್ನೊಂದು ತಡೆಯುವುದಿಲ್ಲ.

ಮೊದಲ ದಾರಿ ಎಲ್ಲರಿಗೂ ಗೊತ್ತಿರುವುದು. ಬೈಕಂಪಾಡಿ ಕಡೆಯ ಯಾವುದಾದರೂ ಮಷಿನ್ ಶಾಪಿಗೆ ಹೆಡ್ ಒಯ್ದು 1 ಮಿ.ಮೀ. ಕೆತ್ತಿಸುವುದು. ನಮ್ಮ ಉದಾಹರಣೆಯಲ್ಲಿ ಚೇಂಬರಿನ ಬಾಯಿ ಬೋರಿನ ವಿಸ್ತೀರ್ಣದ ಮುಕ್ಕಾಲು ಭಾಗ ಎಂದುಕೊಂಡರೆ ಸುಮಾರು 3.2 ಸಿಸಿ ಹೋಗುತ್ತದೆ. ಉಳಿದ ಜಾಗ 37.3. ರೇಷಿಯೊ 9.7. ಗ್ಯಾಸ್ಕೆಟ್ ಹಳೆಯದೇ.

ಎರಡನೇ ದಾರಿಯಲ್ಲಿ ಹೆಡ್ ಮುಟ್ಟುವುದಿಲ್ಲ. 0.8 ಮಿ.ಮೀ.ಯ ತೆಳು ಗ್ಯಾಸ್ಕೆಟ್ ಹಾಕಿ, ಬ್ಲಾಕಿನ ಮೇಲ್ಮೈ 0.3 ಮಿ.ಮೀ. ಕೆತ್ತಿಸುವುದು. ಉಳಿದ ಜಾಗ 37.4. ರೇಷಿಯೊ ಇಲ್ಲಿಯೂ 9.7.

ವ್ಯತ್ಯಾಸ ಎಲ್ಲಿದೆ? ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಚಪ್ಪಟೆ ಭಾಗಕ್ಕೂ ಪಿಸ್ಟನ್ನಿಗೂ ನಡುವೆ ಉಳಿಯುವ ಸಂದಿನಲ್ಲಿ. ಇದಕ್ಕೆ ಸ್ಕ್ವಿಶ್ ಎನ್ನುತ್ತಾರೆ. ಮೊದಲ ದಾರಿಯಲ್ಲಿ ಅದು 1.6 ಮಿ.ಮೀ. ಆಗಿಯೇ ಉಳಿಯಿತು. ಎರಡನೆಯದರಲ್ಲಿ 0.9ಕ್ಕೆ ಬಂತು. ಸಂದು ಬಿಗಿ ಇದ್ದಾಗ ಅಲ್ಲಿದ್ದ ಮಿಶ್ರಣ ಚೇಂಬರಿನ ನಡುವಿಗೆ ರಭಸದಿಂದ ಚಿಮ್ಮುತ್ತದೆ. ಬೆಂಕಿ ಬೇಗ ಹರಡುತ್ತದೆ. ಮೂಲೆಯಲ್ಲಿ ತಾನಾಗಿ ಹೊತ್ತಲು ಮಿಶ್ರಣವೇ ಕಡಿಮೆ, ಉಳಿದದ್ದೂ ಎರಡು ಲೋಹದ ನಡುವೆ ತಣ್ಣಗಿರುತ್ತದೆ. ಸಂದು 1.5 ದಾಟಿದರೆ ಈ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ "ನಾಕ್ ಹೊಡೆಯುತ್ತಿದೆ, ದಪ್ಪ ಗ್ಯಾಸ್ಕೆಟ್ ಹಾಕೋಣ" ಎಂಬ ಉಪಾಯ ಎಷ್ಟೋ ಸಲ ಏನೂ ಪ್ರಯೋಜನ ಕೊಡುವುದಿಲ್ಲ. ಗ್ಯಾಸ್ಕೆಟ್ ತೆಳುವಾಗಿಯೇ ಇರಲಿ. ರೇಷಿಯೊ ಇಳಿಸಬೇಕಾದರೆ ಪಿಸ್ಟನ್ನಿನ ಗುಳಿಯಲ್ಲಿ ಅಥವಾ ಚೇಂಬರಿನಲ್ಲಿ ಜಾಗ ಮಾಡಿ.

ಸ್ಕ್ವಿಶ್ ಸಂದು 0.8ರಿಂದ 1.0 ಮಿ.ಮೀ. ಇದ್ದರೆ ಚೆನ್ನ. ಅದಕ್ಕಿಂತ ಕಡಿಮೆ ಮಾಡಬೇಡಿ. ಎಂಜಿನ್ ಜೋರಾಗಿ ತಿರುಗುವಾಗ ರಾಡ್ ಸ್ವಲ್ಪ ಹಿಗ್ಗುತ್ತದೆ, ಬೇರಿಂಗ್ ಸಡಿಲ ತೆಗೆದುಕೊಳ್ಳುತ್ತದೆ. ಅಳೆಯಲು ಮೆತ್ತಗಿನ ಸೋಲ್ಡರ್ ತಂತಿಯ ತುಂಡುಗಳನ್ನು ಪಿಸ್ಟನ್ ಅಂಚಿನಲ್ಲಿ ಇಟ್ಟು, ಹೆಡ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯ ದಪ್ಪವೇ ಸಂದು. ಬೈಕಿನಲ್ಲಿ ಬ್ಯಾರೆಲ್ ಕೆಳಗಿನ ಬೇಸ್ ಗ್ಯಾಸ್ಕೆಟ್ ತೆಳು ಮಾಡಿದರೆ ಇದೇ ಫಲ ಸಿಗುತ್ತದೆ.

ಹೆಡ್ ಅಥವಾ ಬ್ಲಾಕ್ ಕೆತ್ತಿದ ಮೇಲೆ ಮರೆಯಬಾರದ್ದು ಎರಡು. ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬಂದಿರುತ್ತದೆ. ಪಿಸ್ಟನ್ ಮೇಲೆ ಮಕ್ಕಳು ಆಡುವ ಮೇಣದ ಮಣ್ಣು ಮೆತ್ತಿ ಎರಡು ಸುತ್ತು ತಿರುಗಿಸಿ, ಕತ್ತರಿಸಿ ಅಳೆಯಿರಿ. ಇನ್‌ಟೇಕಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಮಿ.ಮೀ. ಇದ್ದರೆ ನೆಮ್ಮದಿ. ಇನ್ನೊಂದು, ಕ್ಯಾಮ್ ಹೆಡ್ಡಿನಲ್ಲೇ ಇರುವ ಎಂಜಿನಿನಲ್ಲಿ ಕ್ಯಾಮ್ ಸ್ವಲ್ಪ ಕೆಳಗೆ ಬಂದು ಅದರ ಟೈಮಿಂಗ್ ಹಿಂದೆ ಸರಿಯುತ್ತದೆ. ಹೊಂದಿಸಬಹುದಾದ ಕ್ಯಾಮ್ ಗೇರ್ ಇದ್ದರೆ ಸರಿಪಡಿಸಿ.

ಚೇಂಬರಿನಲ್ಲಿ, ಪಿಸ್ಟನ್ ತಲೆಯಲ್ಲಿ ಚೂಪಾದ ಅಂಚು ಯಾವುದೂ ಉಳಿಯಬಾರದು. ಅದು ಕೆಂಪಗೆ ಕಾದು ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಸುತ್ತದೆ. ಎಮರಿ ಪೇಪರಿನಲ್ಲಿ ಅಂಚು ಮುರಿಯಿರಿ.

ಇನ್ನು ಈ 9.7ರ ಎಂಜಿನನ್ನು ಹಂತ 5, 6ರ ಲೆಕ್ಕದ ಜೊತೆ ಸೇರಿಸಿ ನೋಡಿ. 50 ಡಿಗ್ರಿಗೆ ಮುಚ್ಚುವ ಸ್ಟಾಕ್ ಕ್ಯಾಮ್ ಇದ್ದರೆ ಡೈನಾಮಿಕ್ 8.5. 95 ಆಕ್ಟೇನಿಗೆ ಇದು ಸರಿಯಾಗಿ ಗೆರೆಯ ಮೇಲೆ ನಿಂತಿದೆ. ರೇಸ್ ಕ್ಯಾಮ್ ಇದ್ದರೆ 7.4. ಆಗ ಇನ್ನೂ ಏರಿಸಲು ಜಾಗ ಇದೆ. ಬೆಂಗಳೂರಿನಲ್ಲಾದರೆ 8.5 ಕೂಡ ಗಾಳಿ ಕಡಿಮೆಯಾದ ಕಾರಣ 7.7ರ ಹಾಗೆ ವರ್ತಿಸುತ್ತದೆ. ಅಲ್ಲಿ ಸದ್ದಿಲ್ಲದೆ ಓಡಿದ್ದು ಇಲ್ಲಿ ಯಾಕೆ ಕಟಕಟ ಅನ್ನುತ್ತದೆ ಎಂಬುದಕ್ಕೆ ಇದೇ ಉತ್ತರ.

ಹಂತ 8: ಪ್ಲಗ್, ಜೆಟ್, ಟೈಮಿಂಗ್

ಕಂಪ್ರೆಷನ್ ಒಂದು ಪಾಯಿಂಟ್ ಏರಿಸಿದರೆ ಒಂದು ಹಂತ ತಣ್ಣಗಿನ ಪ್ಲಗ್ (ಕಾವನ್ನು ಬೇಗ ಹೊರಗೆ ಬಿಡುವಂಥದ್ದು) ಹಾಕಿ. ಎನ್‌ಜಿಕೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ತಣ್ಣಗೆ. 6 ಇದ್ದರೆ 7. ಬಾಷ್‌ನಲ್ಲಿ ಇದು ಉಲ್ಟಾ, ಸಂಖ್ಯೆ ಚಿಕ್ಕದಾದಷ್ಟೂ ತಣ್ಣಗೆ.

ಇ20ಗೆ ಶುದ್ಧ ಪೆಟ್ರೋಲಿಗಿಂತ ಜಾಸ್ತಿ ಇಂಧನ ಬೇಕು. ಶುದ್ಧ ಪೆಟ್ರೋಲ್ ಒಂದು ಭಾಗಕ್ಕೆ 14.7 ಭಾಗ ಗಾಳಿ ಸರಿಯಾದರೆ, ಇ20ಗೆ ಸುಮಾರು 13.5. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಹಳೆ ಜೆಟ್ ಹಾಗೇ ಇಟ್ಟರೆ ಮಿಶ್ರಣ ತೆಳುವಾಗುತ್ತದೆ, ಚೇಂಬರ್ ಕಾಯುತ್ತದೆ. ಎಥನಾಲ್ ಕೊಟ್ಟ ಆಕ್ಟೇನಿನ ಲಾಭವನ್ನು ತೆಳು ಮಿಶ್ರಣ ಕಸಿದುಕೊಳ್ಳುತ್ತದೆ. ಮೇನ್ ಜೆಟ್ ಒಂದೆರಡು ನಂಬರ್ ದೊಡ್ಡದು ಹಾಕಿ ಪ್ಲಗ್ ನೋಡಿ. ಹಳೆ ಕಾರ್ಬ್ಯುರೇಟರಿನ ರಬ್ಬರ್ ಪೈಪು, ಓ-ರಿಂಗ್‌ಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ.

ಟೈಮಿಂಗನ್ನು ಸ್ಟಾಕಿಗಿಂತ 3-4 ಡಿಗ್ರಿ ಹಿಂದೆ ಇಟ್ಟು ಶುರು ಮಾಡಿ. ಆಮೇಲೆ ಒಂದೊಂದೇ ಡಿಗ್ರಿ ಮುಂದೆ ತನ್ನಿ. ಪವರ್ ಏರುವುದು ನಿಂತ ಜಾಗದಲ್ಲಿ ನಿಲ್ಲಿ. ನಾಕ್ ಬರುವ ತನಕ ಕಾಯುವುದಲ್ಲ. ಡೈನೋದಲ್ಲಿ ಮಾಡಿಸುವುದಾದರೆ ಮಧ್ಯದ ಆರ್‌ಪಿಎಂನಲ್ಲಿ, ಪೂರ್ತಿ ಥ್ರಾಟಲಿನಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ನಾಕಿಂಗ್ ಅಲ್ಲಿಯೇ ಮೊದಲು ಬರುತ್ತದೆ.

ಬಾಟಲಿಯ ಆಕ್ಟೇನ್ ಬೂಸ್ಟರ್ ಬಗ್ಗೆ ಒಂದೇ ಮಾತು. "10 ಪಾಯಿಂಟ್ ಏರಿಸುತ್ತದೆ" ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದರ ಅರ್ಥ ಒಂದು ಆಕ್ಟೇನ್, 91ರಿಂದ 92. ಅದರ ಮೇಲೆ ನಂಬಿಕೆ ಇಟ್ಟು ಹೆಡ್ ಕೆತ್ತಿಸಬೇಡಿ.

ಹಂತ 9: ಪರೀಕ್ಷೆ

ರನ್-ಇನ್ (ಹೊಸ ಭಾಗಗಳು ಹೊಂದಿಕೊಳ್ಳುವ ಮೊದಲ ಓಟ) ಮುಗಿದ ಮೇಲೆ ಕಂಪ್ರೆಷನ್ ಗೇಜ್ ಹಾಕಿ. ಎಂಜಿನ್ ಬಿಸಿ ಇರಲಿ, ಎಲ್ಲ ಪ್ಲಗ್ ಬಿಚ್ಚಿರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಹಳೆ ಕಾರು, ಬೈಕಿನ ಎಂಜಿನ್‌ನಲ್ಲಿ 91 ಆಕ್ಟೇನಿಗೆ 180 ಪಿಎಸ್‌ಐ ತನಕ ಚಿಂತೆ ಇಲ್ಲ. 200 ದಾಟಿದರೆ 95ಕ್ಕಿಂತ ಕಡಿಮೆ ಹಾಕಬೇಡಿ. ಇದು ಇಲ್ಲಿನ ಗಾಳಿಯಲ್ಲಿ ಅಳೆದ ಸಂಖ್ಯೆ ಆಗಿರಬೇಕು. ಬೆಂಗಳೂರಿನಲ್ಲಿ ಅಳೆದದ್ದಾದರೆ ಅದು ಶೇ 10ರಷ್ಟು ಕಡಿಮೆ ತೋರಿಸಿರುತ್ತದೆ.

ಮೊದಲ ಪರೀಕ್ಷೆ ಮುಚ್ಚಿದ ಟ್ರ್ಯಾಕಿನಲ್ಲಿ ಅಥವಾ ಡೈನೋದಲ್ಲಿ ಆಗಲಿ. ಮೂರನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ಥ್ರಾಟಲ್ ಕೊಟ್ಟು ಕಿವಿಗೊಡಿ. ಘಟ್ಟ ಹತ್ತುವಾಗ ಎಂಜಿನ್ ಪಡುವ ಕಷ್ಟವೂ ಇದೇ: ಆರ್‌ಪಿಎಂ ಕಡಿಮೆ, ಭಾರ ಜಾಸ್ತಿ, ಎದುರು ಗಾಳಿ ಕಡಿಮೆ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ತಿರುವುಗಳಲ್ಲಿ ಮೊದಲೆರಡು ಕಿಲೋಮೀಟರ್ ಅತಿ ಕಷ್ಟದ್ದು. ಕೆಳಗೆ ಗಾಳಿ ದಟ್ಟ. ಮೇಲೆ ಹೋದಂತೆ ಎಂಜಿನ್ನಿಗೆ ಸುಲಭವಾಗುತ್ತದೆ. ಆದ್ದರಿಂದ ಮೇಲೆ ಹೋಗಿ ಟ್ಯೂನ್ ಮಾಡಿ ಕೆಳಗೆ ಓಡಿಸುವುದು ಯಾವತ್ತೂ ಬೇಡ.

ಆಮೇಲೆ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಸಣ್ಣ ಕರಿ ಚುಕ್ಕೆ ಅಥವಾ ಹೊಳೆಯುವ ಅಲ್ಯೂಮಿನಿಯಂ ಚುಕ್ಕೆ ಕಂಡರೆ ನಾಕಿಂಗ್ ಆಗಿದೆ. ಹೊಳೆಯುವ ಚುಕ್ಕೆ ಪಿಸ್ಟನ್ನಿನಿಂದ ಬಂದದ್ದು. ಎಕ್ಸಾಸ್ಟ್ ಸದ್ದಿನಲ್ಲಿ ಕಿವಿಗೆ ಕೇಳದ್ದನ್ನು ಪ್ಲಗ್ ತೋರಿಸುತ್ತದೆ. ಚುಕ್ಕೆ ಕಂಡ ದಿನವೇ ಟೈಮಿಂಗ್ 2 ಡಿಗ್ರಿ ಹಿಂದೆ ತಂದು ಮತ್ತೆ ಹೊಸ ಪ್ಲಗ್ಗಿನಲ್ಲಿ ನೋಡಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವವರಿಗೆ

ಇದು ನಮ್ಮ ಕಡೆಯವರು ಕಡ್ಡಾಯವಾಗಿ ಗಮನಿಸಬೇಕಾದ್ದು. ಜೂನಿನಿಂದ ಸೆಪ್ಟೆಂಬರ್ ತನಕ ಟ್ರ್ಯಾಕ್ ಗಾಡಿ ಶೆಡ್ಡಿನಲ್ಲೇ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ಓಡಾಡುತ್ತದೆ, ಒಳಗೋಡೆಯಲ್ಲಿ ಹನಿ ಕಟ್ಟುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಮೇಲೆ ಉಳಿದ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲ, ಅದು ಕೊಡುತ್ತಿದ್ದ ಆಕ್ಟೇನೂ ಇಲ್ಲ. 95 ಎಂದು ತುಂಬಿಸಿದ್ದು ಅಕ್ಟೋಬರಿನಲ್ಲಿ 95 ಆಗಿ ಉಳಿದಿರುವುದಿಲ್ಲ. ತಳದ ನೀರು ಕಾರ್ಬ್ಯುರೇಟರನ್ನೂ ತಿನ್ನುತ್ತದೆ.

ಮೇ ಕೊನೆಗೆ ಟ್ಯಾಂಕ್ ಮತ್ತು ಕಾರ್ಬ್ಯುರೇಟರಿನ ಫ್ಲೋಟ್ ಬೌಲ್ ಎರಡನ್ನೂ ಖಾಲಿ ಮಾಡಿ. ತುಕ್ಕು ಹಿಡಿಯುವ ಕಬ್ಬಿಣದ ಟ್ಯಾಂಕ್ ಆದರೆ ಒಳಗೆ ತೆಳುವಾಗಿ ಎಣ್ಣೆ ಸವರಿ. ಮುಚ್ಚಳ ಬಿಗಿಯಾಗಿರಲಿ. ಮಳೆ ಮುಗಿದ ಮೇಲೆ ಮೊದಲು ಹಾಕುವ ಪೆಟ್ರೋಲನ್ನು ಗಿರಾಕಿ ಜಾಸ್ತಿ ಇರುವ ಬಂಕಿನಿಂದ ತನ್ನಿ. ಒಂದು ಲೋಟದಷ್ಟನ್ನು ಗಾಜಿನ ಬಾಟಲಿಯಲ್ಲಿ ಹತ್ತು ನಿಮಿಷ ಇಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಅದನ್ನು ಈ ಎಂಜಿನಿಗೆ ಹಾಕಬೇಡಿ.